ಹುಡೇದ ಮೇಲಿನ ತಾತ್ಕಾಲಿಕ ಮಣ್ಣು

ಕೋಟೆ ಕಾಯುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗರೇ, ಕೋಟೆಗೆ ಶತ್ರುಗಳು ಬರುವುದು ನಿಂತು ಬಹಳ ಕಾಲವಾಯಿತು. ಈಗ ಬರುವವರೆಂದರೆ ಸುರಂಗ ಎಲ್ಲಿದೆ ಎನ್ನುವವರು, ನಿಧಿ ಎಲ್ಲಿದೆ ಎನ್ನುವವರು, ಮತ್ತು ಪಾಯಖಾನೆ ಎಲ್ಲಿದೆ ಎನ್ನುವವರು. ಈ ಪೈಕಿ ನಿಜವಾದ ಅಗತ್ಯ ಇಟ್ಟುಕೊಂಡು ಬಂದವರು ಕೊನೆಯವರು ಮಾತ್ರ. ಅವರಿಗೆ ಬೇಗ ದಾರಿ ತೋರಿಸಿ. ಇಲ್ಲದಿದ್ದರೆ ಅವರೇ ಒಂದು ಮೂಲೆ ಹುಡುಕಿಕೊಳ್ಳುತ್ತಾರೆ, ಆ ಮೂಲೆ ಐತಿಹಾಸಿಕವಾಗಿರುತ್ತದೆ.

ನಾನು ಮಲ್ಲಪ್ಪ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಒಂದು ಕೋಟೆಯ ಕಾವಲುಗಾರನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮರುದಿನವೇ ರೀಲ್ಸ್ ಮಾಡುವವರು ಗೋಡೆ ಹತ್ತಿ ಕುಣಿಯುತ್ತಾರೆ. ನಡುವೆ ಮುದ್ದೇಬಿಹಾಳ ಕಡೆಗೆ, ಬಸವನ ಬಾಗೇವಾಡಿ ಕಡೆಗೆ ನನ್ನನ್ನು ಎರವಲು ಕಳಿಸಿದ್ದುಂಟು. ಎರಡೂ ಕಡೆಯವರು ನನ್ನ ಬಾಯಿ ತಾಳಲಾರದೆ ಬೇಗ ವಾಪಸು ಕಳಿಸಿದರು. ಬಡ್ತಿಯ ಮಾತು ಬೇಡ. ಸೇರಿದ ಹುದ್ದೆಯಲ್ಲೇ ನಿವೃತ್ತನಾದೆ. ಕೋಟೆಯೂ ಅಷ್ಟೇ, ಅಷ್ಟು ವರ್ಷ ನಾನು ಕಾದರೂ ಅರಮನೆಯಾಗಲಿಲ್ಲ.

ಸುರಂಗದ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ನಮ್ಮ ಕೋಟೆಯೊಳಗೆ ನೆಲದಲ್ಲಿ ಒಂದು ತೂತು ಇದೆ. ಅದು ಹಗೇವು, ಅಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಆದರೆ ನೋಡಲು ಬಂದವರು ಅದನ್ನು ಸುರಂಗವೆಂದೇ ನಂಬಿ ಬಂದಿರುತ್ತಾರೆ. ಒಮ್ಮೆ ಮುದ್ದೇಬಿಹಾಳದಿಂದ ಒಬ್ಬ ಮಾಸ್ತರರು ಹುಡುಗರನ್ನು ಕರೆತಂದರು.

"ಇದು ವಿಜಾಪುರದ ಮಟಾ ಹೋಗ್ತೈತಂತಲ್ರಿ?" ಎಂದು ಕೇಳಿದರು.

"ಹೋಗ್ತೈತ್ರಿ. ಆದ್ರ ನೀವು ಬಸ್ಸಿಗೇ ಹೋಗ್ರಿ, ಇದರಾಗ ಸೀಟ್ ಸಿಗಂಗಿಲ್ಲ," ಎಂದೆ.

ಮಾಸ್ತರರಿಗೆ ಸಿಟ್ಟು ಬಂತು. ಹಟಕ್ಕೆ ಬಿದ್ದು ತಾವೇ ಒಳಗಿಳಿದರು. ಹೊಟ್ಟೆಯ ಸುತ್ತಳತೆ ಬಾದಶಹರ ಕಾಲದ ಜೋಳದ ಚೀಲಕ್ಕಿಂತ ಕೊಂಚ ಹೆಚ್ಚಿತ್ತೆಂದು ಕಾಣುತ್ತದೆ, ಅರ್ಧಕ್ಕೆ ಸಿಕ್ಕಿಕೊಂಡರು. ನಾನು ಬಗ್ಗಿ, "ಸರ್, ಹಿಪ್ಪರಗಿ ದಾಟಿತೇನ್ರಿ?" ಎಂದು ಕೂಗಿದೆ. ಹುಡುಗರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಇತಿಹಾಸದ ಪಾಠ ಅಷ್ಟು ಗಮನವಿಟ್ಟು ಕಲಿತ ತರಗತಿಯನ್ನು ನಾನು ಮತ್ತೆ ನೋಡಲಿಲ್ಲ.

ಆದರೆ ಚೇಷ್ಟೆ ಮಾಡುವವನಿಗೂ ತನ್ನ ಕೋಟೆ ಗೊತ್ತಿರಬೇಕು. ನಮ್ಮ ಕೋಟೆ ದೊಡ್ಡದೇನಲ್ಲ. ಸುತ್ತ ಕಂದಕ, ಕಂದಕದ ಒಳಗೆ ಗೋಡೆ, ಗೋಡೆಗೆ ಒಂದು ಅಗಸಿ ಬಾಗಿಲು, ಮೂಲೆಗೊಂದು ಹುಡೇ. ನಮ್ಮ ಕಡೆ ಬುರುಜಿಗೆ ಹುಡೇ ಎನ್ನುತ್ತಾರೆ. ಕಟ್ಟಿದವರು ಕಂದಕ ತೋಡಿದರು, ತೋಡಿದ ಮಣ್ಣನ್ನು ಎರಡು ಕಲ್ಲಿನ ಗೋಡೆಗಳ ನಡುವೆ ತುಂಬಿದರು, ಕೋಟೆ ಎದ್ದಿತು. ಕಂದಕ ಎಷ್ಟು ಆಳವೋ ಗೋಡೆ ಅಷ್ಟು ಎತ್ತರ. ತೋಡಿದ್ದೂ ಏರಿಸಿದ್ದೂ ಒಂದೇ ಮಣ್ಣು. ಅಗಸಿಯ ದಾರಿಯನ್ನು ಬೇಕೆಂದೇ ಸೊಟ್ಟ ಇಟ್ಟಿದ್ದಾರೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದೆಂಬ ಉಪಾಯ. ಆನೆ ಎಂದಾದರೂ ಬಂದಿತ್ತೋ ಗೊತ್ತಿಲ್ಲ. ಆದರೆ ಆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೋಟೆಯ ರಕ್ಷಣಾ ವ್ಯವಸ್ಥೆ ಇವತ್ತಿಗೂ ಕೆಲಸ ಮಾಡುತ್ತಿದೆ.

ಈ ಕೋಟೆಯ ದೊಡ್ಡ ಹುಡೇಕ್ಕೆ ಬೆನ್ನು ಕೊಟ್ಟು ಒಂದು ಮಾಳಿಗೆ ಮನೆ ಇದೆ. ಅದರ ಹಿಂದಿನ ಗೋಡೆ ಬೇರೆಯಿಲ್ಲ, ಹುಡೇದ ಕಲ್ಲೇ ಗೋಡೆ. ಆ ಮನೆಯೊಡತಿ ಗೌರಕ್ಕ. ನನಗಿಂತ ಹಿರಿಯಳು. ಒಂದು ಎಮ್ಮೆ, ಹಿಪ್ಪರಗಿ ಸಂತೆಯಲ್ಲಿ ರೊಟ್ಟಿ ಮಾರುವ ವ್ಯಾಪಾರ, ಮತ್ತು ನಾಲಿಗೆ. ಇಷ್ಟು ಆಸ್ತಿ. ಊರಿನಲ್ಲಿ ನನಗೆ ಸರಿಸಮನಾಗಿ ಮಾತಾಡುವವಳು ಅವಳೊಬ್ಬಳೇ. ಅದಕ್ಕೇ ನನ್ನ ನೌಕರಿಯ ಮೊದಲ ಜಗಳ ಅವಳ ಜೊತೆಗೇ ಆಯಿತು.

ಜಗಳ ಮಣ್ಣಿನದು. ಮಾಳಿಗೆ ಮನೆ ಎಂದರೆ ತಲೆಯ ಮೇಲೆ ಮಣ್ಣಿನ ಚಾವಣಿ. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬರುವ ಮೊದಲು ಪ್ರತಿ ಬೇಸಿಗೆ ಅದರ ಮೇಲೆ ಹೊಸ ಮಣ್ಣು ಹರಡಲೇಬೇಕು. ಹೊಲದ ಎರೆಮಣ್ಣು ನಡೆಯುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಬಿಳಿಮಣ್ಣೇ ಬೇಕು. ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಆ ಬಿಳಿಮಣ್ಣು ನಮ್ಮ ಊರಿನಲ್ಲಿ ಸಿಗುವುದು ಕಂದಕದ ತಳದಲ್ಲಿ ಮಾತ್ರ. ಕಂದಕವಾದರೋ ಇಲಾಖೆಯ ಸೊತ್ತು. ಹಾಗಾಗಿ ಬೇಸಿಗೆ ಬಂತೆಂದರೆ ಇಡೀ ಊರು ಕಳ್ಳರು, ನಾನೊಬ್ಬ ಪೊಲೀಸ.

ಒಂದು ಮಧ್ಯಾಹ್ನ ಗೌರಕ್ಕ ಹುಡೇದ ಮೆಟ್ಟಿಲಿಳಿದು ಬರುವುದನ್ನು ಕಂಡೆ. ಕೈಯಲ್ಲಿ ಖಾಲಿ ಬುಟ್ಟಿ, ಬುಟ್ಟಿಗೆ ಬಿಳಿಮಣ್ಣು ಮೆತ್ತಿತ್ತು. ಕಂದಕದಿಂದ ಒಯ್ಯುವುದು ಸಾಲದೆ ಹುಡೇವನ್ನೇ ಅಗೆದು ಒಯ್ಯುತ್ತಿದ್ದಾಳೆ ಎಂದುಕೊಂಡೆ.

"ಗೌರಕ್ಕ, ಮಣ್ಣು ಎಲ್ಲಿ ಮುಚ್ಚಿಟ್ಟಿ?"

"ಮುಚ್ಚಿಡಾಕ ಅದೇನು ಬಂಗಾರೇನೋ ಮಲ್ಲ್ಯಾ? ಮ್ಯಾಲ ಹಾಕಿ ಬಂದೀನಿ."

"ಮ್ಯಾಲಿಂದ ತಂದೀನಿ ಅನ್ನು."

"ಮೊದಲ್ನೇ ಬುಟ್ಟಿ ಹುಡೇಕ್ಕ, ಆಮ್ಯಾಲಿಂದು ಮನಿಗೆ. ನಮ್ಮತ್ತಿ ಹಂಗ ಮಾಡ್ತಿದ್ಲು, ನಾನೂ ಹಂಗ ಮಾಡ್ತೇನಿ. ನಿನಗ ತಿಳೀಲಿಲ್ಲಂದ್ರ ಸಾಲಿಗೆ ಹೋಗಿ ಕಲಿ."

ಇದನ್ನು ನಾನು ನಂಬಬೇಕೇ? ಕದಿಯಲು ಬಂದವರು ಮೊದಲು ಇಟ್ಟು ಆಮೇಲೆ ಒಯ್ಯುತ್ತಾರೆಂಬ ಕಥೆಯನ್ನು ಕಚೇರಿಯಲ್ಲಿ ಹೇಳಿ ವರ್ಷಗಟ್ಟಲೆ ಎಲ್ಲರನ್ನೂ ನಗಿಸಿದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಅದು ನಮ್ಮ ದೇಶಪಾಂಡೆ ಸಾಹೇಬರ ಕಿವಿಗೂ ಬಿತ್ತು.

ದೇಶಪಾಂಡೆ ಸಾಹೇಬರು ಇಂಡಿ ತಾಲೂಕಿನವರು. ಇಲಾಖೆಯಲ್ಲಿ ನಮ್ಮ ಕೋಟೆಯ ದುರಸ್ತಿ ನೋಡಿಕೊಳ್ಳುವ ಇಂಜಿನಿಯರು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಬಹಳ ಒಳ್ಳೆಯವರು, ಆದರೆ ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ಮೊಬೈಲಿನಲ್ಲಿ ಹಾಜರಿ ತಂದವರು ಅವರೇ. ದಿನಾ ಬೆಳಿಗ್ಗೆ ಅಗಸಿಯ ಮುಂದೆ ನಿಂತು ಫೋಟೋ ತೆಗೆದು ಕಳಿಸಬೇಕು. ನಾನು ಒಂದೇ ದಿನ ಅಂಗಿ ಬದಲಿಸಿ ಬದಲಿಸಿ ತಿಂಗಳ ಫೋಟೋ ತೆಗೆಸಿಟ್ಟುಕೊಂಡೆ. ತಿಂಗಳ ಕೊನೆಗೆ ಸಾಹೇಬರು ಕರೆದರು.

"ಮಲ್ಲಪ್ಪ, ನಿಮ್ಮ ಹಿಂದ ಒಂದು ಆಡು ನಿಂತದ. ತಿಂಗಳ ಪೂರ್ತಿ ಅದೇ ಜಾಗಾದಾಗ, ಅದೇ ಎಲಿ ತಿನ್ಲಿಕತ್ತದ."

"ಡ್ಯೂಟಿ ವಿಷಯದಾಗ ಅದು ಭಾಳ ಪ್ರಾಮಾಣಿಕ ಐತ್ರಿ ಸಾಹೇಬರ."

ಸಾಹೇಬರು ನಗಲಿಲ್ಲ. ತುಟಿ ಮಾತ್ರ ಸ್ವಲ್ಪ ಅಲುಗಿತು. ಅಂದಿನಿಂದ ಅವರು ನನಗೆ ಇಷ್ಟವಾದರು.

ನನ್ನ ಕಥೆ ಕೇಳಿದ್ದ ಅವರು ಹುಡೇ ಪರೀಕ್ಷೆ ಮಾಡಿ ವರದಿ ಬರೆದರು. ಊರವರು ಮಣ್ಣು ಒಯ್ಯುತ್ತಿರುವುದರಿಂದ ಸ್ಮಾರಕಕ್ಕೆ ಅಪಾಯವಿದೆ ಎಂಬುದು ಅದರ ಸಾರ. ಮೇಲಿನವರಿಗೆ ವರದಿ ಹಿಡಿಸಿತು. ಕಂದಕದ ಸುತ್ತ ತಂತಿಬೇಲಿ ಬಂತು, ಹುಡೇದ ಮೆಟ್ಟಿಲಿಗೆ ಗೇಟು ಬಂತು, ನೆತ್ತಿಗೆ ಸಿಮೆಂಟಿನ ಹೊದಿಕೆ ಬಂತು. ಮುಟ್ಟಿದರೆ ಶಿಕ್ಷೆ ಎಂಬ ಫಲಕವೂ ಬಂತು. ನೀಲಿ ಬಣ್ಣದ ಆ ಫಲಕದ ಮುಂದೆ ಸಾಹೇಬರೂ ನಾನೂ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಇಬ್ಬರ ಎದೆಯೂ ಉಬ್ಬಿದೆ. ಊರಿನ ಬಹಳ ಜನ ಮಾಳಿಗೆ ಕಿತ್ತು ತಗಡು ಹೊದಿಸಿದರು. ಬೇಸಿಗೆಯಲ್ಲಿ ಒಳಗೆ ಕೂತು ಬೆಂದು, ನನ್ನನ್ನು ಬಯ್ದರು. ಗೌರಕ್ಕ ಮಾತ್ರ ದೂರದ ಹಳ್ಳದಿಂದ ಬಿಳಿಮಣ್ಣು ಹೊತ್ತು ತಂದು ಹಾಕಿಕೊಂಡಳು.

ಕೋಟೆ ಈಗ ಸುರಕ್ಷಿತವಾಯಿತು. ಸುರಕ್ಷಿತವಾದ ಮೇಲೆ ಅದರ ಆರೋಗ್ಯ ಕೆಡುತ್ತ ಬಂತು. ಅಗೆಯುವವರಿಲ್ಲದೆ ಕಂದಕದಲ್ಲಿ ಹೂಳು ತುಂಬಿ ಜಾಲಿ ಬೆಳೆಯಿತು. ಮೊದಲು ಮಳೆನೀರು ಅಲ್ಲಿ ನಿಂತು ಊರ ಬಾವಿಗಳಿಗೆ ಇಳಿಯುತ್ತಿತ್ತು, ಈಗ ಬಾವಿಗಳು ಬೇಗ ಬತ್ತತೊಡಗಿದವು. ಹುಡೇದ ನೆತ್ತಿಯ ಸಿಮೆಂಟು ಬಿಸಿಲಿಗೆ ಸೀಳಿತು. ಸೀಳಿನಲ್ಲಿ ಅರಳಿಯ ಸಸಿ ಹುಟ್ಟಿತು. ಬಿರುಕಿನಿಂದ ಒಳಹೋದ ನೀರಿಗೆ ಹೊರಬರುವ ದಾರಿ ಇಲ್ಲ, ಒಳಗಿನ ಮಣ್ಣು ಅದನ್ನು ಕುಡಿದು ಉಬ್ಬುತ್ತ ಹೋಯಿತು. ಕೆಲವು ಮಳೆಗಾಲ ಕಳೆಯುವುದರೊಳಗೆ ಹುಡೇದ ಕಲ್ಲುಗಳು ಮುಂದಕ್ಕೆ ಉಬ್ಬಿದವು. ಕಲ್ಲು ಕಟ್ಟುವ ಗೌಂಡಿಗಳು ಇದಕ್ಕೆ ಗೋಡೆ ಹೊಟ್ಟೆ ಬಿಟ್ಟಿತು ಎನ್ನುತ್ತಾರೆ. ಹೊಟ್ಟೆ ಬಿಟ್ಟಿದ್ದು ಗೌರಕ್ಕನ ಮನೆಯ ಕಡೆಗೆ.

ನನ್ನ ಸೇವೆಯ ಕೊನೆಯ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ಹುಡೇ ಕುಸಿಯುವ ಸಂಭವವಿದೆ, ಮಳೆಗಾಲಕ್ಕೆ ಮೊದಲು ಹತ್ತಿರದ ಮನೆಯನ್ನು ತೆರವು ಮಾಡಿಸಿ, ಕೆಡವಿ. ನೋಟೀಸು ಕೊಡಲು ದೇಶಪಾಂಡೆ ಸಾಹೇಬರು ತಾವೇ ಬಂದರು. ನಾನು ಜೊತೆಗಿದ್ದೆ. ಗೌರಕ್ಕ ಎಮ್ಮೆಯ ಮೈ ತೊಳೆಯುತ್ತಿದ್ದಳು.

"ಗೌರಾಬಾಯಿ, ಇದು ನಿಮ್ಮ ಜೀವದ ಪ್ರಶ್ನಿ ಅದ," ಎಂದರು ಸಾಹೇಬರು.

"ಜೀವಾ ಇಲ್ಲೇ ಐತ್ರಿ ಸಾಹೇಬರ, ಎಲ್ಲಿಗೆ ಒಯ್ಯಲಿ ಅದನ್ನ?" ಗೌರಕ್ಕ ಕೈ ಒರೆಸಿಕೊಂಡು ಹುಡೇದ ಕಡೆ ನೋಡಿದಳು. "ನಾ ಮದಿವ್ಯಾಗಿ ಬಂದಾಗಿಂದ ನೀವು ಬರೋಮಟಾ ಇದರ ಒಂದ ಕಲ್ಲು ಅಲುಗಿದ್ದಿಲ್ಲ. ನೀವು ತಲಿಮ್ಯಾಲ ಟೊಪಿಗಿ ಇಟ್ಟ್ರಿ, ಅದಕ್ಕ ನೆಗಡಿ ಬಂತು. ನೆಗಡಿ ಬಂದಾಂವಗ ಔಷಧಾ ಕೊಡೋದು ಬಿಟ್ಟು, ಬಾಜೂ ಮನಿಯವರನ್ನ ಹೊರಗ ಹಾಕ್ತೀರೇನು?"

ಸಾಹೇಬರು ಹುಡೇದ ಕಡೆ ನಡೆದರು. ಗೇಟು ತೆಗೆಸಿ ಮೇಲೆ ಹತ್ತಿದರು. ಸಿಮೆಂಟಿನ ಅಂಚಿನಲ್ಲಿ ಒಂದು ತುಂಡು ಕಿತ್ತು ಬಂದಿತ್ತು. ಅಲ್ಲಿ ಕೂತು, ಸಣ್ಣ ಕರಣಿ ಹಿಡಿದು, ಇಲಿಬಿಲ ಅಗೆದಂತೆ ಒಂದು ಗುಂಡಿ ಕೊರೆದರು. ಬಹಳ ಹೊತ್ತು ಅದರೊಳಗೇ ನೋಡುತ್ತ ಕೂತರು. ಕೊನೆಗೆ ನನ್ನನ್ನು ಕರೆದರು.

"ಮಲ್ಲಪ್ಪ, ನೋಡ್ರಿಲ್ಲಿ. ಬಾಕರವಡಿ ಕೊಯ್ದಂಗ ಪದರ ಪದರ ಕಾಣಸ್ತದ."

ನಿಜ. ಬಿಳಿಮಣ್ಣು, ಅದರ ಮೇಲೆ ಒಂದೆಳೆ ಧೂಳು, ಮತ್ತೆ ಬಿಳಿಮಣ್ಣು, ಮತ್ತೆ ಧೂಳು, ಹೀಗೆ ಕೆಳಗಿನವರೆಗೂ ಪದರು. ಒಂದೊಂದು ಪದರೂ ಒಂದೊಂದು ಬೇಸಿಗೆ. ಊರಿನ ಹೆಂಗಸರು ವರ್ಷಕ್ಕೊಮ್ಮೆ ಕಂದಕದ ಹೂಳು ತೆಗೆದು, ಮೊದಲ ಬುಟ್ಟಿ ಹುಡೇದ ನೆತ್ತಿಗೆ ಹಾಕಿ, ಆಮೇಲೆ ತಮ್ಮ ಮನೆಗೆ ಒಯ್ಯುತ್ತಿದ್ದರು. ನಾವು ಹಿಡಿದು ಹಿಡಿದು ಓಡಿಸಿದ್ದು ಕೋಟೆಯ ದುರಸ್ತಿ ಮಾಡುವವರನ್ನು. ಸಂಬಳವಿಲ್ಲದೆ ದುಡಿಯುವ ಅಂಥ ಸಿಬ್ಬಂದಿ ಬೇರೆ ಯಾವ ಇಲಾಖೆಗೂ ಸಿಕ್ಕಿರಲಿಕ್ಕಿಲ್ಲ. ಅವರನ್ನು ಬೇಲಿ ಹಾಕಿ ಹೊರಗಿಟ್ಟ ಕೀರ್ತಿ ಮಾತ್ರ ನಮ್ಮದೇ.

"ಹಂಗಿದ್ರ ಸಿಮೆಂಟ್ ಕಿತ್ತು ಮಣ್ಣು ಹಾಕ್ಸೋಣ್ರಿ," ಎಂದೆ.

"ಅರೇ ಬಾಬಾ, ಹಂಗ ಹೆಂಗ ಬರ್ತದ? ಸ್ಮಾರಕದ ಮ್ಯಾಲ ಹೊಸಾ ಮಣ್ಣು ಹಾಕ್ಲಿಕ್ಕೆ ಮಂಜೂರಾತಿ ಬೇಕು. ಅಂದಾಜುಪಟ್ಟಿ, ತಜ್ಞರ ಸಮಿತಿ... ಅಷ್ಟರಾಗ ಮಳಿ ಬಂದು ಹೋಗಿರ್ತದ. ಮತ್ತ, ಈ ಸಿಮೆಂಟ್ ಹಾಕ್ರಿ ಅಂತ ಆಗ ಬರದಾಂವ ನಾನೇ."

ಅವರ ಮುಖ ನೋಡಿದರೆ ಪಾಪ ಎನಿಸಿತು. ನಿಯಮದ ಮನುಷ್ಯ ನಿಯಮದ ಬಲೆಗೇ ಬಿದ್ದಿದ್ದ. ಇಂಥ ಹೊತ್ತಿನಲ್ಲಿ ನನ್ನಂಥವನು ಬೇಕಾಗುತ್ತದೆ. ಹೊಗಳಿಕೊಳ್ಳುತ್ತಿದ್ದೇನೆ ಎಂದು ತಿಳಿಯಬೇಡಿ. ಹೊಗಳಿಕೊಳ್ಳುತ್ತಿದ್ದೇನೆ, ಹೌದು.

"ಸಾಹೇಬರ, ಸಾರ್ವಜನಿಕರನ್ನ ಸೇರಿಸಿ ಸ್ಮಾರಕ ಸ್ವಚ್ಛ ಮಾಡ್ರಿ, ಫೋಟೋ ಕಳಸ್ರಿ ಅಂತ ಆದೇಶ ಬಂದೈತಲ್ರಿ?"

"ಬಂದದ. ಶ್ರಮದಾನ."

"ಸ್ವಚ್ಛ ಮಾಡೋದು ಅಂದ್ರ ಕಂದಕದ ಹೂಳು ತೆಗೀಬಹುದೇನ್ರಿ?"

"ತೆಗೀಬಹುದು."

"ತೆಗೆದ ಮಣ್ಣು ಊರಾಗ ಒಯ್ಯಾಕ ಬಿಡ್ತೀರೇನು?"

"ಛೇ. ಸ್ಮಾರಕದ ಆವರಣ ಬಿಟ್ಟು ಒಂದು ಹಿಡಿ ಮಣ್ಣೂ ಹೊರಗ ಹೋಗಂಗಿಲ್ಲ. ನಿಯಮ ಅದ."

"ಹಂಗಾರ ಆವರಣದಾಗ ಎಲ್ಲೆರೆ ತಾತ್ಕಾಲಿಕವಾಗಿ ಇಡಬೇಕಲ್ರಿ. ಹುಡೇದ ನೆತ್ತಿ ಆವರಣದಾಗೇ ಬರ್ತೈತಿ."

ಸಾಹೇಬರು ನನ್ನನ್ನೇ ನೋಡಿದರು. ನಾನು ಮುಂದುವರಿಸಿದೆ. "ಇನ್ನ ಸಿಮೆಂಟಿನ್ಯಾಗ ಅರಳಿ ಸಸಿ ಹುಟ್ಯಾವು. ಗಿಡಗಂಟಿ ಬೇರು ಸಮೇತ ತೆಗೀಬೇಕಂತ ನೀವ ಹೇಳ್ತೀರಿ. ಬೇರು ಭಾಳ ಒಳಗ ಹೋಗ್ಯಾವು ಸಾಹೇಬರ. ಸಿಮೆಂಟಿಗೆ ಹಾರಿ ಹಾಕದ ಬರೂದಿಲ್ಲ."

ಈ ಸಲ ತುಟಿಯಷ್ಟೇ ಅಲ್ಲ, ಭುಜವೂ ಅಲುಗಿತು. ಸಾಹೇಬರು ನಕ್ಕದ್ದನ್ನು ನಾನು ಕಂಡಿದ್ದು ಅದೇ ಮೊದಲು. "ಬೇರಿನ ಸಣ್ಣ ಎಳಿನೂ ಉಳೀಬಾರದು ಮಲ್ಲಪ್ಪ," ಎಂದರು.

ಬೇರು ತೆಗೆಯುವ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಸಿಮೆಂಟಿನ ಒಂದು ಚೂರೂ ಉಳಿಯಲಿಲ್ಲ. ಶ್ರಮದಾನಕ್ಕೆ ಇಡೀ ಊರು ಬಂತು. ಕಂದಕದಿಂದ ಮೆಟ್ಟಿಲಿನವರೆಗೆ, ಮೆಟ್ಟಿಲಿನಿಂದ ನೆತ್ತಿಯವರೆಗೆ ಜನ ಸಾಲಾಗಿ ನಿಂತರು, ಬುಟ್ಟಿ ಕೈಯಿಂದ ಕೈಗೆ ಹೋಯಿತು. ಮೇಲೆ ನಿಂತು ಮಣ್ಣು ಹರಡಿಸಿದವಳು ಗೌರಕ್ಕ. ಮಧ್ಯೆ ತಗ್ಗು, ಅಂಚಿಗೆ ಎತ್ತರ ಆಗುವಂತೆ ಒಬ್ಬ ತುಂಬುತ್ತಿದ್ದ. "ಏ ಭಾಡ್ಯಾ, ನೀರು ಹೊರಗ ಹರೀಬೇಕು, ಅಲ್ಲೇ ಕೂತು ಊಟಾ ಮಾಡಬಾರದು," ಎಂದು ಅವನನ್ನು ಅಟ್ಟಿದಳು. ದೇಶಪಾಂಡೆ ಸಾಹೇಬರು ಪ್ಯಾಂಟು ಮಡಚಿ ಸಾಲಿನಲ್ಲಿ ನಿಂತಿದ್ದರು. ಒಂದು ಬುಟ್ಟಿ ಅವರ ತಲೆಯ ಮೇಲೇ ಚೆಲ್ಲಿತು. ಅದು ಆಕಸ್ಮಿಕವೆಂದು ಇವತ್ತಿಗೂ ಹೇಳುತ್ತೇನೆ.

ಆದರೆ ಉಬ್ಬಿದ ಕಲ್ಲು ಒಳಸರಿಯುವುದಿಲ್ಲ. ನೋಟೀಸೂ ರದ್ದಾಗಿರಲಿಲ್ಲ. ಹುಡೇ ಈ ಮಳೆಗೆ ನಿಲ್ಲುತ್ತದೋ ಇಲ್ಲವೋ ಎಂಬುದು ಸಾಹೇಬರಿಗೂ ಗೊತ್ತಿರಲಿಲ್ಲ. ಗಡುವು ಮುಗಿಯಿತು. ತೆರವು ಆಗಿದೆಯೇ ಎಂದು ನೋಡಲು ಮೇಲಿನಿಂದ ದೊಡ್ಡ ಸಾಹೇಬರೇ ಹೊರಟರು. ಅವರು ಬಂದ ದಿನವೇ ಮಿರಗ ಕೂಡಿತು. ಕಾರಿನಿಂದಿಳಿದು ಹುಡೇದ ನೆತ್ತಿಯ ಕಡೆ ಬೆರಳು ತೋರಿಸಿದರು.

"ಏನದು ಮಣ್ಣು?"

"ಹೂಳು ಸರ್. ತಾತ್ಕಾಲಿಕವಾಗಿ ಶೇಖರಣೆ ಮಾಡಿದೀವಿ," ಎಂದರು ದೇಶಪಾಂಡೆ ಸಾಹೇಬರು.

ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಮಳೆ ಬಂತು. ಸುಮ್ಮನೆ ಬಂದದ್ದಲ್ಲ, ಮೇಲಿನಿಂದ ಹಂಡೆ ಬೋರಲು ಹಾಕಿದಂತೆ ಬಂತು. ಹತ್ತಿರ ಇದ್ದ ಸೂರು ಒಂದೇ. ನಾವು ಮೂವರೂ ಗೌರಕ್ಕನ ಮನೆಗೆ ಓಡಿದೆವು, ಅಂದರೆ ಇಷ್ಟು ಹೊತ್ತಿಗೆ ನೆಲಸಮವಾಗಿರಬೇಕಿದ್ದ ಮನೆಗೆ.

ಗೌರಕ್ಕ ಬಾಗಿಲು ತೆರೆದಳು. ಕಂಬಳಿ ಹಾಸಿ ಕೂರಿಸಿ, ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಎಮ್ಮೆಯ ಗಟ್ಟಿ ಮೊಸರು ಇಟ್ಟಳು. ಯಾರೂ ರೊಟ್ಟಿ ಮುರಿಯಲಿಲ್ಲ. ದೇಶಪಾಂಡೆ ಸಾಹೇಬರು ಹುಡೇದ ಕಲ್ಲನ್ನೇ ನೋಡುತ್ತ ಕೂತಿದ್ದರು. ಹಿಂದಿನ ವರ್ಷಗಳಲ್ಲಿ ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಆ ಕಲ್ಲುಗಳ ಸಂದಿನಿಂದ ನೀರು ಒಸರಿ ನೆಲಕ್ಕಿಳಿಯುತ್ತಿತ್ತು. ನಾನೂ ಅಲ್ಲೇ ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ. ಮಳೆ ಸುರಿಯಿತು, ಸುರಿಯಿತು. ಹೊರಗೆ ಕಂದಕದಲ್ಲಿ ನೀರು ತುಂಬುವ ಸದ್ದು ಕೇಳತೊಡಗಿತು.

ದೊಡ್ಡ ಸಾಹೇಬರಿಗೆ ನಮ್ಮಿಬ್ಬರ ಕಣ್ಣು ಎಲ್ಲಿದೆ ಎಂದು ತಿಳಿಯಿತು. ಎದ್ದು ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟರು. ಸಂದುಗಳಲ್ಲಿ ಬೆರಳಾಡಿಸಿದರು. ಕೈ ತಿರುಗಿಸಿ ನೋಡಿಕೊಂಡರು. ಒಣ ಧೂಳು ಅಂಟಿತ್ತು. ಚಾವಣಿ ನೋಡಿದರು, ಅಲ್ಲೂ ಒಂದು ಹನಿ ಇಲ್ಲ. ಬಂದು ಕೂತು ರೊಟ್ಟಿ ಮುರಿದರು.

"ಆ ಮಣ್ಣು ಯಾವಾಗ ಇಳಿಸ್ತೀರಿ?" ಎಂದು ದೇಶಪಾಂಡೆಯವರನ್ನು ಕೇಳಿದರು.

"ಮಳಿ ನಿಂತ ಮ್ಯಾಲ ಸರ್," ಎಂದರು ಅವರು, ನೆಲ ನೋಡುತ್ತ.

ದೊಡ್ಡ ಸಾಹೇಬರು ಗೌರಕ್ಕನ ಕಡೆ ತಿರುಗಿದರು. "ನಿಮಗೆ ನೋಟೀಸ್ ಬಂದಿತ್ತಲ್ಲ ಅಮ್ಮಾ? ಇನ್ನೂ ಯಾಕೆ ಇದೀರಿ?"

ಗೌರಕ್ಕ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಮ್ಯಾಲಿನ ಮಣ್ಣು ತಾತ್ಕಾಲಿಕ ಅಂದ್ರಲ್ರೀ ಇವರು? ನಾನೂ ಹಂಗರಿ ಸಾಹೇಬರ, ತಾತ್ಕಾಲಿಕ. ಅದು ಇಳಿದ ದಿನ ನಾನೂ ಇಳೀತೇನಿ."

ದೊಡ್ಡ ಸಾಹೇಬರು ರೊಟ್ಟಿಯನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಆಮೇಲೆ ದೇಶಪಾಂಡೆಯವರಿಗೆ ಹೇಳಿದರು, "ಎರಡೂ ಇರಲಿ ಬಿಡಿ."

ಮಣ್ಣು ಇನ್ನೂ ಮೇಲಿದೆ. ಪ್ರತಿ ಬೇಸಿಗೆ ಶ್ರಮದಾನ ನಡೆಯುತ್ತದೆ, ಇನ್ನಷ್ಟು ತಾತ್ಕಾಲಿಕ ಮಣ್ಣು ಸೇರುತ್ತದೆ. ಗೌರಕ್ಕ ಇನ್ನೂ ಕೆಳಗಿದ್ದಾಳೆ.